ಅಳತೆ ರವಿಕೆ ಕಟ್ಟಿಕೊಂಡು ಡಂಡೀಗೆ

ಬೆಂಗಳೂರು: ತೂಕದ ಯಂತ್ರದ ಎದುರು

ವಿದೇಶಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ಹಿಮದಿಂದಲೋ ಅರಮನೆಯಿಂದಲೋ ಶುರು ಮಾಡುತ್ತಾರೆ. ನಾನು ತೂಕದ ಯಂತ್ರದಿಂದ ಶುರು ಮಾಡಬೇಕು, ಯಾಕೆಂದರೆ ನನ್ನ ಪ್ರವಾಸ ಮೊದಲ ಏಟು ತಿಂದದ್ದೇ ಅಲ್ಲಿ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆಯನ್ನು ಅದರ ಮೇಲೆ ಇಟ್ಟ ಕೂಡಲೇ ಕೆಂಪು ಅಂಕಿಗಳು ಓಡಿ ಓಡಿ ಇಪ್ಪತ್ತೊಂಬತ್ತರ ಮೇಲೆ ನಿಂತವು. ಇಪ್ಪತ್ತು ಕೆಜಿಗಿಂತ ಹೆಚ್ಚು ಒಯ್ಯುವ ಹಾಗಿಲ್ಲವಂತೆ.

“ಆಂಟಿ, ಒಂಬತ್ತು ಕೆಜಿ ಜಾಸ್ತಿ ಇದೆ, ತೆಗೀಬೇಕು,” ಎಂದಳು ಕೌಂಟರಿನ ಹುಡುಗಿ.

ಪೆಟ್ಟಿಗೆ ತಳ್ಳಿಕೊಂಡು ಬಾಗಿಲ ಕಡೆ ವಾಪಸು ಬಂದೆ. ನಮ್ಮ ಯಜಮಾನರು ಕಂಬಿಯ ಆಚೆ ನಿಂತು ಇನ್ನೂ ಕೈ ಬೀಸುತ್ತಲೇ ಇದ್ದರು. ನನ್ನನ್ನು ನೋಡಿ, “ಏನು ಗಿರಿಜಾ, ಇಷ್ಟು ಬೇಗ ಬಂದ್ಬುಟ್ಯಾ?” ಎಂದರು. ಅವರು ರೇಷ್ಮೆ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಲೋಕ ಮುಳುಗಿದರೂ ತಮಾಷೆ ಬಿಡುವವರಲ್ಲ.

ನೆಲದ ಮೇಲೆ ಪೆಟ್ಟಿಗೆ ಬಿಚ್ಚಿದೆವು. ಯಾವುದನ್ನು ಬಿಡುವುದು, ಯಾವುದನ್ನು ಒಯ್ಯುವುದು? ನಾನು ಹೊರಟಿದ್ದು ಸ್ಕಾಟ್ಲೆಂಡಿನ ಡಂಡೀ ಎಂಬ ಊರಿಗೆ, ನನ್ನ ತಂಗಿ ಪ್ರಭಾಳ ಮನೆಗೆ. ಇಪ್ಪತ್ತು ವರ್ಷದಿಂದ ಅವಳು ಅಲ್ಲೇ ಇದ್ದಾಳೆ. ಹಿಂದಿನ ವರ್ಷ ಅವಳ ಎದೆಯಲ್ಲಿ ಕ್ಯಾನ್ಸರ್ ಗಡ್ಡೆ ಸಿಕ್ಕಿತ್ತು. ಆಪರೇಷನ್ ಆಗಿ, ರೇಡಿಯೇಷನ್ ಎಂಬ ಕರೆಂಟು ಕೊಡುವುದೂ ಮುಗಿದು, ಈಗ ದಿನಕ್ಕೊಂದು ಮಾತ್ರೆ ನುಂಗುತ್ತಿದ್ದಳು. ಅವಳ ಗಂಡ ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಡೆ ಇಂಜಿನಿಯರು, ಎರಡು ವಾರ ನೀರಿನ ಮೇಲೆ, ಎರಡು ವಾರ ಮನೆಯಲ್ಲಿ. “ಅಕ್ಕ, ನನ್ನ ಕೈಲಾಗ್ತಿಲ್ಲ, ಎರಡು ತಿಂಗಳು ಬಂದು ಇದ್ದು ಹೋಗು,” ಎಂದು ಅವಳು ಫೋನಿನಲ್ಲಿ ಅಂದದ್ದೇ ತಡ, ಪಾಸ್‌ಪೋರ್ಟು ಎಂದರೆ ಯಾವ ಬಣ್ಣ ಎಂದೂ ಗೊತ್ತಿಲ್ಲದಿದ್ದ ನಾನು ಹೊರಟು ನಿಂತಿದ್ದೆ.

ಕಾಯಿಲೆ ಬಿದ್ದು ಎದ್ದವಳು ಸೊರಗಿರುತ್ತಾಳೆ, ಮೈ ಹಿಡಿಯುವಂಥದ್ದು ಕೊಡಬೇಕು. ಇದು ನನ್ನ ಲೆಕ್ಕಾಚಾರ. ಹಾಗಾಗಿ ರಾಗಿ ಹಿಟ್ಟು, ಹುರುಳಿಕಾಳು, ಹೆಸರುಕಾಳು ಎಲ್ಲವೂ ಯಜಮಾನರ ಕೈಚೀಲಕ್ಕೆ ವಾಪಸು ಹೋದವು. ತುಪ್ಪದ ಡಬ್ಬ, ಮೈಸೂರು ಪಾಕು, ಕೊಬ್ಬರಿ ಮಿಠಾಯಿ, ಕೋಡುಬಳೆ ಪೆಟ್ಟಿಗೆಯಲ್ಲೇ ಉಳಿದವು. ಜೊತೆಗೆ ಪ್ರಭಾಗೆಂದೇ ಹೊಲಿದ ಎಂಟು ರವಿಕೆಗಳು. ಎರಡು ಸ್ವೆಟರು ತೆಗೆದು ಒಂದರ ಮೇಲೊಂದು ಮೈಮೇಲೇ ಹಾಕಿಕೊಂಡೆ. ಪೆಟ್ಟಿಗೆ ಇಪ್ಪತ್ತಕ್ಕೆ ಇಳಿಯಿತು. ನನ್ನನ್ನು ಯಾರೂ ತೂಗಲಿಲ್ಲ, ಪುಣ್ಯಕ್ಕೆ.

ಕಂಬಿಯಾಚೆಯಿಂದ ಯಜಮಾನರು ಕೊನೆಯದಾಗಿ ಒಂದು ಮಾತು ಹೇಳಿದರು. “ಅಲ್ಲಿ ಪ್ರಭಾ ಏನ್ ಹೇಳ್ತಾಳೋ ಅದನ್ನ ಕೇಳು. ಫೋನಲ್ಲಿ ತೇಲಿಸಿದ ಹಾಗೆ ತೇಲಿಸ್ಬೇಡ.”

ಅದೇನೆಂದು ನನಗೆ ಗೊತ್ತಿತ್ತು. ಅಲ್ಲಿಯ ಡಾಕ್ಟರು ಪ್ರಭಾಳನ್ನು, ನಿನಗೆ ಅಕ್ಕ ತಂಗಿಯರು ಇದ್ದಾರೆಯೇ ಎಂದು ಕೇಳಿದ್ದರಂತೆ. ಇದ್ದರೆ ಅವರೂ ತೋರಿಸಿಕೊಳ್ಳಲಿ ಎಂದಿದ್ದರಂತೆ. ಅಂದಿನಿಂದ ಪ್ರತಿ ಫೋನಿನಲ್ಲೂ ಅವಳದು ಒಂದೇ ಪ್ರಶ್ನೆ: “ತೋರಿಸ್ಕೊಂಡ್ಯಾ?” ನನ್ನದೂ ಒಂದೇ ಉತ್ತರ: “ಮದುವೆ ಸೀಸನ್ ಮುಗೀಲಿ ಕಣೇ.” ಮೈಸೂರಿನಲ್ಲಿ ಮದುವೆ ಸೀಸನ್ ಯಾವತ್ತು ಮುಗಿದಿದೆ?

ಆಕಾಶ: ಬೆಲ್ಟು

ನನ್ನ ಕಸುಬು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮೈಸೂರಿನ ವಿದ್ಯಾರಣ್ಯಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ನಮ್ಮ ಗಿರಾಕಿಗಳಲ್ಲಿ ಮೈ ಅಳತೆ ಕೊಡುವವರು ಕಮ್ಮಿ. ಸರಿಯಾಗಿ ಕೂರುವ ಒಂದು ಹಳೆಯ ರವಿಕೆ ತಂದುಕೊಡುತ್ತಾರೆ, ಅದಕ್ಕೆ ಅಳತೆ ರವಿಕೆ ಎನ್ನುತ್ತೇವೆ. “ಇದೇ ಅಳತೆಗೆ ಹೊಲೀರಿ, ಒಳಗೆ ಎರಡಿಂಚು ಬಟ್ಟೆ ಬಿಟ್ಟಿರಿ,” ಎನ್ನುತ್ತಾರೆ. ಮುಂದೆ ಮೈ ಬಂದರೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಳ್ಳಲು ಆ ಬಟ್ಟೆ. ಟೇಪು ಹಿಡಿಯುವ ಮುಜುಗರ ನನಗೂ ಇಲ್ಲ, ಕೈ ಎತ್ತಿ ನಿಲ್ಲುವ ಮುಜುಗರ ಅವರಿಗೂ ಇಲ್ಲ. ನಾನು ಇಷ್ಟು ವರ್ಷ ಅಳೆದದ್ದು ಬಟ್ಟೆಯನ್ನು, ಹೆಂಗಸರನ್ನಲ್ಲ.

ವಿಮಾನದಲ್ಲಿ ಕೂತು ಬೆಲ್ಟಿನ ಎರಡು ತುದಿ ಹಿಡಿದು ಎಳೆದೆ. ಒಂದಕ್ಕೊಂದು ಮುಟ್ಟಲಿಲ್ಲ. ಹೊಟ್ಟೆ ಒಳಗೆಳೆದುಕೊಂಡೆ, ಆಗಲೂ ನಾಲ್ಕು ಬೆರಳು ಸಾಲದು. ಪಕ್ಕದಲ್ಲಿದ್ದ ಪಂಜಾಬಿನ ಅಜ್ಜ ಸಹಾಯಕ್ಕೆ ಬಂದು, ನಾಚಿ, ಮತ್ತೆ ಪೇಪರಿನ ಹಿಂದೆ ಅಡಗಿಕೊಂಡರು. ಗಗನಸಖಿ ನೋಡಿದಳು, ಮಾತೇ ಆಡದೆ ಹೋಗಿ ಒಂದು ಮೊಳದ ಬೆಲ್ಟಿನ ತುಂಡು ತಂದು ಜೋಡಿಸಿದಳು. ನನಗೆ ಅವಮಾನವಾಗಬೇಕಿತ್ತು. ಆದರೆ ಕಸುಬಿನ ಬುದ್ಧಿ ಎಲ್ಲಿಗೆ ಹೋಗುತ್ತದೆ? ಪರವಾಗಿಲ್ಲ, ಇವರೂ ಒಳಗೆ ಬಟ್ಟೆ ಬಿಟ್ಟಿದ್ದಾರೆ ಎಂದು ಸಂತೋಷವಾಯಿತು.

ಎರಡು ಸ್ವೆಟರ್ ಹಾಕಿದ್ದಕ್ಕೇ ಹೀಗಾದದ್ದು ಎಂದು ನನಗೆ ನಾನೇ ಹೇಳಿಕೊಂಡೆ. ಬಿಚ್ಚಿ ನೋಡುವ ಧೈರ್ಯ ಮಾತ್ರ ಮಾಡಲಿಲ್ಲ.

ಡಂಡೀ: ಮೊದಲ ವಾರ

ಎಡಿನ್‌ಬರೋದಲ್ಲಿ ಇಳಿದಾಗ ಬಾಗಿಲ ಬಳಿ ನಿಂತಿದ್ದ ಪ್ರಭಾಳನ್ನು ನೋಡಿ ಎರಡು ಸಲ ಆಶ್ಚರ್ಯವಾಯಿತು. ಮೊದಲನೆಯದು, ಅವಳು ನಗುತ್ತಿದ್ದಳು. ಎರಡನೆಯದು, ಅವಳು ಸೊರಗಿರಲೇ ಇಲ್ಲ, ನನ್ನಷ್ಟೇ ಗುಂಡಗಿದ್ದಳು. ಇಬ್ಬರೂ ತಬ್ಬಿಕೊಂಡಾಗ ಕೈಗಳು ಬೆನ್ನ ಹಿಂದೆ ಕೂಡಲಿಲ್ಲ.

ಅಲ್ಲಿಂದ ರೈಲು. ಡಂಡೀ ಮುಟ್ಟುವ ಮುಂಚೆ ಟೇ ಎಂಬ ನದಿ ದಾಟಬೇಕು. ನಮ್ಮ ಕಾವೇರಿ ಸೇತುವೆಯಾದರೆ ಕಾಸು ಎಸೆದು ಕೈ ಮುಗಿಯುವಷ್ಟರಲ್ಲಿ ಮುಗಿದಿರುತ್ತದೆ. ಇಲ್ಲಿ ಕೈ ಮುಗಿದು, ಒಂದು ಕೋಡುಬಳೆ ತಿಂದು, ಕೈ ಒರೆಸಿಕೊಂಡರೂ ಕೆಳಗೆ ನೀರೇ.

ಮನೆಗೆ ಬಂದು ಪೆಟ್ಟಿಗೆ ತೆಗೆದಾಗ ಪ್ರಭಾ ಒಂದೊಂದನ್ನೇ ಮೇಜಿನ ಮೇಲಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡಳು.

“ರಾಗಿ ಹಿಟ್ಟು ಎಲ್ಲಕ್ಕ?”

“ತೂಕ ಜಾಸ್ತಿ ಆಯ್ತು ಕಣೇ. ವಾಪಸ್ ಕಳಿಸ್ಬುಟ್ಟೆ.”

“ಹುರುಳಿಕಾಳು?”

“ಅದೂ.”

“ಮೈ ಇಳಿಸೋದನ್ನೆಲ್ಲ ಮನೆಗೆ ಕಳಿಸ್ಬುಟ್ಟು, ಏರಿಸೋದನ್ನೆಲ್ಲ ಹೊತ್ಕೊಂಡು ಬಂದಿದ್ದೀಯ. ಇಲ್ಲಿನ ಡಾಕ್ಟ್ರು ನನಗೆ ಹತ್ತು ಕೆಜಿ ಇಳಿಸು ಅಂತ ಹೇಳವ್ರೆ ಕಣಕ್ಕ. ಮತ್ತೆ ಬರದೇ ಇರಬೇಕಾದ್ರೆ ನನ್ನ ಕೈಲಿರೋದು ಅದೊಂದೇ.”

ನಾನು ನಂಬಲಿಲ್ಲ. ನಮ್ಮಲ್ಲಿ ಹೆಂಗಸು ಸಣ್ಣಗಾದರೆ “ಏನಮ್ಮಾ, ಹುಷಾರಿಲ್ವಾ?” ಎಂದು ಕೇಳುತ್ತಾರೆ. ದಪ್ಪಗಾದರೆ “ಮೈಕೈ ತುಂಬ್ಕೊಂಡು ಚೆನ್ನಾಗಿದ್ದೀರಿ” ಎನ್ನುತ್ತಾರೆ. ನಾಲ್ಕನೆಯ ದಿನ ಅವಳಿಗೆ ಇಷ್ಟವೆಂದು ಪೂರಿ ಸಾಗು ಮಾಡಿದೆ. ಅವಳು ನನ್ನ ಮುಖ ನೋಡಿ ಒಂದು ಪೂರಿ ತಿಂದಳು, ಎರಡನೆಯದನ್ನು ತಟ್ಟೆಯ ಅಂಚಿಗೆ ಸರಿಸಿದಳು. ನನಗೆ ಅಳುವೇ ಬಂತು. ಐದು ಸಾವಿರ ಮೈಲಿ ಹಾರಿ ಬಂದವಳ ಪೂರಿ ಬೇಡ ಎಂದರೆ ನನ್ನನ್ನೇ ಬೇಡ ಎಂದ ಹಾಗೆ ಅನ್ನಿಸಿತು. ಆ ದಿನವಿಡೀ ಮುಖ ಊದಿಸಿಕೊಂಡು ಕಿಟಕಿಯ ಹತ್ತಿರ ಕೂತಿದ್ದೆ. ಅಲ್ಲಿಯ ಜನ ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಿದ್ದರು. ಬಸ್ಸಿನವನಿಗೂ ಥ್ಯಾಂಕ್ಸ್, ಅಕ್ಕನ ಪೂರಿಗೆ ಮಾತ್ರ ಇಲ್ಲ ಎಂದುಕೊಂಡೆ.

ರಾಜಿಯಾಗಲಿ ಎಂದೋ ಏನೋ, ಮಾರನೆಯ ದಿನ ಪ್ರಭಾ ತಾನಾಗಿಯೇ ನಾನು ತಂದ ರವಿಕೆ ಹಾಕಿಕೊಂಡು ಬಂದಳು. ಅವಳ ಹಳೆಯ ಅಳತೆ ರವಿಕೆ ನನ್ನ ಹತ್ತಿರವೇ ಇತ್ತು, ನನ್ನ ಅಡುಗೆ ತಿಂದು ಮೈ ಹಿಡಿದ ಮೇಲೂ ಆಗಲಿ ಎಂದು ಅದಕ್ಕೆ ಎರಡಿಂಚು ಸೇರಿಸಿ ಎಂಟನ್ನೂ ಹೊಲಿದಿದ್ದೆ. ಸೆರಗನ್ನು ಮುಂದಕ್ಕೆಳೆದು ಮುಚ್ಚಿಕೊಂಡು ನಿಂತಳು.

“ಸರಿಸೇ, ನೋಡೋಣ,” ಎಂದು ನಾನೇ ಸೆರಗು ಸರಿಸಿದೆ.

ಬಲಗಡೆ ಸರಿಯಾಗಿತ್ತು. ಎಡಗಡೆ ಬಟ್ಟೆ ಸುಕ್ಕುಗಟ್ಟಿ ಜೋತು ಬಿದ್ದಿತ್ತು. ಒಂದು ಕ್ಷಣ ನನ್ನ ಕತ್ತರಿಯೇ ತಪ್ಪಿತು ಎಂದುಕೊಂಡೆ.

“ಎಡಗಡೆ ಸ್ವಲ್ಪ ತೆಗೆದವ್ರಲ್ಲಕ್ಕ,” ಎಂದಳು ಪ್ರಭಾ, ಮೆಲ್ಲಗೆ. “ಕರೆಂಟ್ ಕೊಟ್ಮೇಲೆ ಇನ್ನೂ ಕುಗ್ತು.”

ಆಪರೇಷನ್ ಎಂದು ಫೋನಿನಲ್ಲಿ ನೂರು ಸಲ ಕೇಳಿದ್ದೆ. ಆಪರೇಷನ್ ಆದ ಮೈಗೆ ಹಳೆಯ ಅಳತೆ ಒಪ್ಪುವುದಿಲ್ಲ ಎಂದು ಮೂವತ್ತು ವರ್ಷದ ದರ್ಜಿಯಾದ ನನಗೆ ಒಂದು ಸಲವೂ ಹೊಳೆದಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಆಮೇಲೆ ನಾನು ಟೇಪು ತೆಗೆದೆ. ಹೊಲಿಗೆ ಕಲಿಯುವಾಗ ಹದಿನಾರು ವರ್ಷದ ಪ್ರಭಾಳನ್ನೇ ಗೋಡೆಗೆ ನಿಲ್ಲಿಸಿ ಅಳತೆ ತೆಗೆಯುತ್ತಿದ್ದೆ, ಅದಾದ ಮೇಲೆ ಅವಳ ಮೈಗೆ ನಾನು ಟೇಪು ಹಿಡಿದದ್ದು ಇದೇ ಮೊದಲು. ಎಡಕ್ಕೊಂದು ಅಳತೆ, ಬಲಕ್ಕೊಂದು ಅಳತೆ ಬರೆದುಕೊಂಡೆ.

ಪಕ್ಕದ ಮನೆಯ ಮೊಯಿರಾ ಎಂಬುವರು ಹೊಲಿಗೆ ಯಂತ್ರ ಕೊಟ್ಟರು. ಸೆಣಬಿನ ಗಿರಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅಜ್ಜಿ, ಬಾಗಿಲಷ್ಟು ಅಗಲ ಇದ್ದರು. ಯಂತ್ರ ನಮ್ಮ ಮನೆಯದರ ಹಾಗೇ ಕಪ್ಪಗೆ, ಕೈಯಲ್ಲಿ ತಿರುಗಿಸುವಂಥದ್ದು. ಅದನ್ನು ಕಂಡು ತವರಿನವರನ್ನು ಕಂಡಷ್ಟು ಹಿಗ್ಗಿದೆ. ಎಂಟೂ ರವಿಕೆಯ ಎಡಭಾಗ ಬಿಚ್ಚಿ, ಒಳಗೆ ಮೆತ್ತನೆಯ ಹತ್ತಿಬಟ್ಟೆಯ ಪದರ ಕೊಟ್ಟು ಮತ್ತೆ ಹೊಲಿದೆ. ಪ್ರಭಾ ಕನ್ನಡಿಯ ಮುಂದೆ ಆ ಕಡೆ ಈ ಕಡೆ ತಿರುಗಿ ನೋಡಿಕೊಂಡಳು.

“ಕೂತ್ಕೋತು ಕಣಕ್ಕ,” ಎಂದಳು. ಅವತ್ತು ಮಧ್ಯಾಹ್ನ ನಾನು ಪೂರಿ ಮಾಡಲಿಲ್ಲ. ಸೊಪ್ಪಿನ ಹುಳಿ ಮಾಡಿದೆ. ಅವಳು ಎರಡು ಸಲ ಹಾಕಿಸಿಕೊಂಡಳು.

ಚರ್ಚಿನ ಸಭಾಂಗಣ: ಮಂಗಳವಾರ

ಆ ಊರಿನ ಹೆಂಗಸರದೊಂದು ಪದ್ಧತಿ ಹೇಳಿದರೆ ನಮ್ಮ ಬೀದಿಯಲ್ಲಿ ಯಾರೂ ನಂಬುವುದಿಲ್ಲ. ತೂಕ ಇಳಿಸಬೇಕೆನ್ನುವವರು ಮಂಗಳವಾರ ಸಂಜೆ ಚರ್ಚಿನ ಸಭಾಂಗಣದಲ್ಲಿ ಸೇರುತ್ತಾರೆ, ಸಾಲಾಗಿ ನಿಲ್ಲುತ್ತಾರೆ, ಚಪ್ಪಲಿ, ಕೋಟು, ಕೆಲವರು ಕೈಗಡಿಯಾರವನ್ನೂ ಬಿಚ್ಚಿ ತೂಕದ ಯಂತ್ರ ಹತ್ತುತ್ತಾರೆ. ಮುಂದೆ ಕೂತ ಹೆಂಗಸು ಅಂಕಿಯನ್ನು ಎಲ್ಲರಿಗೂ ಕೇಳುವ ಹಾಗೆ ಓದುತ್ತಾಳೆ. ಇಳಿದಿದ್ದರೆ ಎಲ್ಲರೂ ಚಪ್ಪಾಳೆ.

ಪ್ರಭಾಳ ಜೊತೆ ಹೋದ ನಾನು ಸೆರಗು ಬಾಯಿಗೆ ಅಡ್ಡ ಹಿಡಿದು ಕೂತೆ. ನಮ್ಮಲ್ಲಿ ಸಂಬಳ ಕೇಳಿದರೂ ಹೇಳಿಬಿಡುತ್ತಾರೆ, ಸೊಂಟದ ಸುತ್ತಳತೆ ಹೇಳುವುದಿಲ್ಲ. ಅಪರೂಪಕ್ಕೆ ಯಾರಿಗಾದರೂ ಟೇಪು ಹಿಡಿದರೆ ನಾನು ನಲವತ್ತನ್ನು ಮೂವತ್ತೆಂಟು ಎಂದು ಬಾಯಲ್ಲಿ ಹೇಳಿ, ನಲವತ್ತು ಎಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಅದು ನಮ್ಮ ಕಸುಬಿನ ಮರ್ಯಾದೆ.

ಇನ್ನೊಂದು ಸ್ವಾರಸ್ಯ, ಅಲ್ಲಿ ಮನುಷ್ಯರನ್ನು ಕಲ್ಲಿನ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಕಲ್ಲು ಎಂದರೆ ಆರೂ ಕಾಲು ಕೆಜಿಯ ಆಸುಪಾಸು. ಮೊಯಿರಾ ಹದಿನೈದು ಕಲ್ಲು ಚಿಲ್ಲರೆ ಇದ್ದರು. ಅವತ್ತು ಒಂದು ಪೌಂಡು, ಅಂದರೆ ಹತ್ತಿರ ಹತ್ತಿರ ಅರ್ಧ ಕೆಜಿ, ಏರಿತ್ತು.

“ಮೊಮ್ಮಗಳ ಹುಟ್ಟುಹಬ್ಬದ ಕೇಕಂತೆ,” ಎಂದು ಪ್ರಭಾ ನನಗೆ ಕನ್ನಡದಲ್ಲಿ ಹೇಳಿದಳು. “ಎರಡು ತುಂಡು ತಿಂದೆ, ಮೂರನೇದನ್ನ ಬಿಟ್ಟೆ, ಆ ಮೂರನೇದಕ್ಕಾದ್ರೂ ಚಪ್ಪಾಳೆ ಹೊಡೀರಿ ಅಂತಿದ್ದಾರೆ.” ಎಲ್ಲರೂ ಹೊಡೆದರು, ನಾನೂ ಹೊಡೆದೆ.

ಆಮೇಲೆ ಮೊಯಿರಾ ನನ್ನ ಕಡೆ ಕೈ ಚಾಚಿ ಯಂತ್ರ ತೋರಿಸಿದರು. ನಾನು ಅತಿಥಿ, ನನ್ನದು ಕೆಜಿ ಲೆಕ್ಕ, ಕಾಲುಂಗುರ ಬಿಚ್ಚುವ ಹಾಗಿಲ್ಲ, ಹೀಗೆ ಬಾಯಿಗೆ ಬಂದ ನೆಪವೆಲ್ಲ ಹೇಳಿದೆ. ಮೊದಲ ಮಂಗಳವಾರ ತಪ್ಪಿಸಿಕೊಂಡೆ. ಎರಡನೆಯದೂ.

ಆಸ್ಪತ್ರೆ: ನರ್ಸ್ ಬಿಡಿಸಿದ ಚಿತ್ರ

ಮೂರನೆಯ ವಾರ ಪ್ರಭಾಳ ತಪಾಸಣೆಗೆ ಜೊತೆಗೆ ಹೋದೆ. ಬೆಳ್ಳಿಗೂದಲಿನ ನರ್ಸ್ ಒಬ್ಬರು ಅರ್ಧ ಗಂಟೆ ಕೂತು ಮಾತಾಡಿದರು. ಹೊರಗೆ ಸಾಲು ಕಾಯುತ್ತಿದ್ದರೂ ಅವರಿಗೆ ಅವಸರವಿರಲಿಲ್ಲ. ನನಗೆ ಅರ್ಥವಾಗಲೆಂದು ಕಾಗದದ ಮೇಲೆ ಚಿತ್ರ ಬಿಡಿಸಿದರು, ಪ್ರಭಾ ಕನ್ನಡ ಮಾಡಿದಳು.

“ಮುಟ್ಟು ನಿಲ್ಲೋ ತನಕ ಈಸ್ಟ್ರೋಜನ್ ಅನ್ನೋ ರಸ ಅಂಡಾಶಯದಲ್ಲಿ ಆಗತ್ತಂತೆ ಅಕ್ಕ. ನಿಂತ ಮೇಲೆ ಅಲ್ಲಿ ಆಗಲ್ಲ. ಆದ್ರೆ ಮೈಯಲ್ಲಿರೋ ಕೊಬ್ಬು ಅದನ್ನ ಮಾಡ್ತಾನೇ ಇರತ್ತಂತೆ. ಕೊಬ್ಬು ಜಾಸ್ತಿ ಆದಷ್ಟೂ ಅದೂ ಜಾಸ್ತಿ. ಎದೇಲಿ ಆಗೋ ಎಷ್ಟೋ ಗಡ್ಡೆಗಳಿಗೆ ಅದೇ ಗೊಬ್ಬರ.”

ಗೊಬ್ಬರ ಎಂಬ ಮಾತು ನನ್ನ ಎದೆಗೆ ಹೋಗಿ ನಾಟಿತು. ಪ್ರಭಾ ಊರಿಗೆ ಬಂದಾಗಲೆಲ್ಲ ಬಲವಂತ ಮಾಡಿ ಬಡಿಸಿದ್ದು ನಾನೇ. ಡಬ್ಬ ಡಬ್ಬ ತುಪ್ಪ ಕಾಸಿ ಕಳಿಸಿದ್ದೂ ನಾನೇ. “ಕೇಳು ಅವರನ್ನ,” ಎಂದೆ. “ನಿನಗೆ ಇದು ಬಂದಿದ್ದು ನೀನು ದಪ್ಪ ಇದ್ದಿದ್ದಕ್ಕಾ? ನಾನು ತಿನ್ನಿಸಿದ್ದಕ್ಕಾ?”

ಪ್ರಭಾ ಕೇಳಲಿಲ್ಲ. “ಇದನ್ನ ನಾನು ಮೊದಲ ದಿನಾನೇ ಕೇಳಿದ್ದೆ ಕಣಕ್ಕ,” ಎಂದಳು. ನರ್ಸ್‌ಗೆ ನಮ್ಮ ಮುಖ ನೋಡಿಯೇ ಪ್ರಶ್ನೆ ತಿಳಿಯಿತು ಅಂತ ಕಾಣುತ್ತದೆ. ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಒಬ್ಬ ಹೆಂಗಸಿಗೆ ಯಾಕೆ ಬಂತೆಂದು ಯಾರೂ ಬೆರಳಿಟ್ಟು ತೋರಿಸಲಾರರು. ಕಡ್ಡಿಯಂತಿರುವವರಿಗೂ ಬರುತ್ತದೆ, ದಪ್ಪಗಿದ್ದವರಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ವಯಸ್ಸಿದೆ, ರಕ್ತಸಂಬಂಧವಿದೆ, ಇನ್ನೂ ಎಷ್ಟೋ ಕಾರಣಗಳಿವೆ. ಅವನ್ನೆಲ್ಲ ಬದಲಾಯಿಸಲಾಗದು. ಮುಟ್ಟು ನಿಂತ ಮೇಲೆ ತೂಕ ಏರದ ಹಾಗೆ ನೋಡಿಕೊಳ್ಳುವುದು, ಏರಿದ್ದನ್ನು ಇಳಿಸುವುದು, ದಿನಾ ನಡೆಯುವುದು ಮಾತ್ರ ನಮ್ಮ ಕೈಯಲ್ಲಿದೆ. ತಪ್ಪು ಹುಡುಕಬೇಡಿ, ನಡೆಯಿರಿ.

ಆಮೇಲೆ ನನ್ನ ಕಡೆ ತಿರುಗಿ, “ನೀವು ಪರೀಕ್ಷೆ ಮಾಡಿಸಿದ್ದೀರಾ?” ಎಂದು ಕೇಳಿದರು. ಅಷ್ಟು ಇಂಗ್ಲಿಷು ನನಗೂ ಬರುತ್ತದೆ. ಬರದವಳ ಹಾಗೆ ಕೂತೆ. ಪ್ರಭಾ ಕನ್ನಡ ಮಾಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ನಿಜ ಹೇಳುತ್ತೇನೆ, ನನಗೆ ಮದುವೆ ಸೀಸನ್ ಅಡ್ಡ ಬಂದಿರಲಿಲ್ಲ. ನನಗೆ ಹೆದರಿಕೆ. ನೋಡಿದರೆ ತಾನೇ ಸಿಗುವುದು, ನೋಡದಿದ್ದರೆ ಇಲ್ಲವೇ ಇಲ್ಲ ಎಂಬ ಲೆಕ್ಕ. ಆ ಲೆಕ್ಕ ತಪ್ಪೆಂದು ತಂಗಿಯ ಎಂಟು ರವಿಕೆಯ ಎಡಗಡೆ ಬಿಚ್ಚಿ ಹೊಲಿದ ಕೈಗಳಿಗೆ ಗೊತ್ತಿತ್ತು, ಬಾಯಿ ಮಾತ್ರ ಒಪ್ಪುತ್ತಿರಲಿಲ್ಲ.

ಆ ಮಂಗಳವಾರ ಚಪ್ಪಲಿ ಬಿಟ್ಟು ಯಂತ್ರ ಹತ್ತಿದೆ. ಹದಿನಾಲ್ಕು ಕಲ್ಲು. ಅಂದರೆ ಎಂಬತ್ತೊಂಬತ್ತು ಕೆಜಿ. ಇಳಿದಿರಲಿಲ್ಲ, ಏರಿರಲಿಲ್ಲ, ಹತ್ತಿದ್ದಷ್ಟೇ. ಆದರೂ ಆ ಹೆಂಗಸರು ಚಪ್ಪಾಳೆ ಹೊಡೆದರು.

ಗುಡ್ಡ

ಡಂಡೀಯ ನಡುಮಧ್ಯೆ ಒಂದು ಗುಡ್ಡವಿದೆ, ಅದಕ್ಕೆ ‘ಲಾ’ ಎನ್ನುತ್ತಾರೆ. ಚಾಮುಂಡಿ ಬೆಟ್ಟದ ಮುಂದೆ ಅದು ಕೂಸು. ಬೆಟ್ಟಕ್ಕಾದರೆ ಸಾವಿರ ಮೆಟ್ಟಿಲು, ಮೇಲೆ ತಾಯಿ, ಇಳಿದರೆ ಕಬ್ಬಿನ ಹಾಲು. ಇಲ್ಲಿ ಮೇಲೆ ಯುದ್ಧದಲ್ಲಿ ಸತ್ತವರ ನೆನಪಿನ ಕಂಬ, ಸುತ್ತ ಗಾಳಿ. ಎಂಥ ಗಾಳಿ ಎನ್ನುತ್ತೀರಿ, ಮೊದಲ ದಿನ ನನ್ನ ಸೀರೆ ಹಾಯಿಯಂತೆ ಉಬ್ಬಿ, ನಾನು ಹತ್ತುವ ಬದಲು ಪಕ್ಕಕ್ಕೆ ಸರಿಯುತ್ತಿದ್ದೆ. ನಾಯಿ ಹಿಡಿದು ಬಂದ ಒಬ್ಬ ಮುದುಕ ಟೋಪಿ ತೆಗೆದು, “ಒಳ್ಳೆಯ ಹವೆ,” ಎಂದು ಹೇಳಿ ಹೋದ. ಮಳೆ ಹನಿಯುತ್ತಿತ್ತು. ಮಳೆ ಕೆಳಗಿನಿಂದ ಮೇಲಕ್ಕೆ ಬರದಿದ್ದರೆ ಅವರಿಗೆ ಅದು ಒಳ್ಳೆಯ ಹವೆಯೇ.

ಮಾರನೆಯ ದಿನ ಮೊಯಿರಾ ತಮ್ಮ ಪ್ಯಾಂಟು, ಬೂಟು ತಂದರು. ಸೀರೆಯ ಒಳಗೇ ಪ್ಯಾಂಟು ಹಾಕಿ, ಮೇಲೆ ಬೂಟು ಬಿಗಿದು ಹೊರಟೆ. ನಮ್ಮ ಬೀದಿಯವರು ನೋಡಿದ್ದರೆ ಒಂದು ವರ್ಷಕ್ಕಾಗುವಷ್ಟು ಮಾತು ಸಿಗುತ್ತಿತ್ತು. ಮೂವರೂ ದಿನಾ ಬೆಳಿಗ್ಗೆ ಹತ್ತುತ್ತಿದ್ದೆವು. ಮೊದಲ ವಾರ ಮೂರು ಬೆಂಚಿನ ಮೇಲೆ ಕೂತು ಸುಧಾರಿಸಿಕೊಂಡರೆ, ಎರಡನೆಯ ವಾರ ಎರಡು, ಆಮೇಲೆ ಒಂದು. ತುಪ್ಪದ ಡಬ್ಬ ಕಪಾಟಿನ ಮೇಲಿನ ಹಲಗೆಗೆ ಹೋಯಿತು. ಮೈಸೂರು ಪಾಕನ್ನು ಪ್ರಭಾಳ ಗಂಡ ಸಮುದ್ರಕ್ಕೆ ಒಯ್ದರು, ಅಲ್ಲಿಯವರು ಅದನ್ನು ಹಳದಿ ಇಟ್ಟಿಗೆ ಎಂದು ಕರೆದು ಒಂದೇ ದಿನದಲ್ಲಿ ಮುಗಿಸಿದರಂತೆ.

ಹೊರಡಲು ಮೂರು ದಿನ ಇತ್ತು. ಗುಡ್ಡ ಇಳಿದು ಮನೆಗೆ ಬಂದು ನಾನು ಸ್ನಾನ ಮುಗಿಸುವಷ್ಟರಲ್ಲಿ ಪ್ರಭಾ ನನ್ನ ರವಿಕೆಯೊಂದನ್ನು ತಿರುವಿ ಹಿಡಿದು ಕೂತಿದ್ದಳು.

“ಅಕ್ಕ, ಇದೇನಿದು?”

ಒಳಗಡೆ ಪಕ್ಕದ ಹೊಲಿಗೆಯ ಉದ್ದಕ್ಕೂ ಸೂಜಿತೂತುಗಳ ಸಾಲು. ಒಂದಲ್ಲ, ನಾಲ್ಕು ಸಾಲು. ಆರು ವರ್ಷದ ಹಳೆಯ ರವಿಕೆ, ಬಿಗಿಯಾದಾಗಲೆಲ್ಲ ಒಂದು ಹೊಲಿಗೆ ಬಿಚ್ಚಿ ಅರ್ಧ ಇಂಚು ಆಚೆ ಹಾಕಿದ್ದೆ. ಕೊನೆಯ ಹೊಲಿಗೆ ಬಟ್ಟೆಯ ಅಂಚಿಗೇ ಬಂದಿತ್ತು, ಇನ್ನು ಬಿಚ್ಚಲು ಒಳಗೆ ಏನೂ ಉಳಿದಿರಲಿಲ್ಲ.

“ನಿನ್ನ ಮೈಗೆ ಟೇಪು ಹಿಡಿದು ಎಷ್ಟು ವರ್ಷ ಆಯ್ತು?”

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ನನಗೆ ಯಾರೂ ಯಾವತ್ತೂ ಅಳತೆ ತೆಗೆದಿರಲಿಲ್ಲ. ಪ್ರಭಾ ನನ್ನ ಟೇಪನ್ನೇ ತೆಗೆದುಕೊಂಡು, “ಕೈ ಎತ್ತು,” ಎಂದಳು. ಎತ್ತಿದೆ. ಎದೆ, ಸೊಂಟ, ತೋಳು, ಒಂದೊಂದನ್ನೂ ಗಟ್ಟಿಯಾಗಿ ಓದಿ ಕಾಗದದಲ್ಲಿ ಬರೆದಳು, ಎರಡಿಂಚು ಕಮ್ಮಿ ಮಾಡದೆ. ಬರೆದು ಮುಗಿಸಿ ಕಾಗದ ನನ್ನ ಕೈಗಿಟ್ಟಳು.

“ನನ್ನ ನೋಡ್ಕೊಳ್ಳೋಕೆ ಅಂತ ನಿನ್ನ ಕರೆಸಿಲ್ಲ ಕಣಕ್ಕ. ನನ್ನ ಪಾಡು ನನಗೆ ನಡೀತಿತ್ತು. ತೋರಿಸ್ಕೋ ಅಂತ ಫೋನಲ್ಲಿ ಹೇಳಿದ್ರೆ ನೀನು ಕೇಳ್ತಿರಲಿಲ್ಲ, ಎದುರು ಕೂರಿಸ್ಕೊಂಡೇ ಹೇಳ್ಬೇಕಿತ್ತು. ನನ್ನ ಕೈಲಾಗಲ್ಲ ಅಂದ್ರೆ ಓಡಿ ಬರ್ತೀಯ ಅಂತ ಗೊತ್ತಿತ್ತು.” ಅವಳು ಟೇಪನ್ನು ಬೆರಳಿಗೆ ಸುತ್ತತೊಡಗಿದಳು. “ನನಗೆ ಸಣ್ಣದಿರೋವಾಗ್ಲೇ ಸಿಕ್ತು, ಅದಕ್ಕೆ ಬದುಕಿದ್ದೀನಿ. ನಿನಗೆ ನೋಡೋರೇ ಇಲ್ಲ.”

ಕೋಪ ಬರಬೇಕಿತ್ತು. ಯಜಮಾನರಿಗೂ ಇದು ಗೊತ್ತಿತ್ತಂತೆ, ಇಬ್ಬರೂ ಸೇರಿ ಆಡಿದ ನಾಟಕವಂತೆ. ಆದರೆ ನನ್ನ ಮೇಲೆ ಇಷ್ಟು ಉಪಾಯ ಹೂಡುವಷ್ಟು ಅಕ್ಕರೆ ಇಟ್ಟವರ ಮೇಲೆ ಕೋಪ ಎಷ್ಟು ಹೊತ್ತು ನಿಂತೀತು? “ಊರಿಗೆ ಹೋದ ವಾರದಲ್ಲೇ ತೋರಿಸ್ಕೋತೀನಿ,” ಎಂದೆ.

“ಮದುವೆ ಸೀಸನ್?”

“ಆಷಾಢ ಕಣೇ, ಯಾರ ಮದುವೇನೂ ಇಲ್ಲ.”

ವಿದ್ಯಾರಣ್ಯಪುರಂ

ವಾಪಸು ಬರುವಾಗ ನನ್ನ ಪೆಟ್ಟಿಗೆ ಹದಿನೇಳು ಕೆಜಿ ಇತ್ತು, ನಾನು ನಾಲ್ಕು ಕೆಜಿ ಕಮ್ಮಿ ಇದ್ದೆ. ವಿಮಾನದ ಬೆಲ್ಟಿನ ತುದಿಗಳು ಕೂಡಿ ಟಿಕ್ ಎಂದವು. ಸ್ವೆಟರುಗಳು ಪೆಟ್ಟಿಗೆಯಲ್ಲಿದ್ದವು ಎಂಬುದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಪರೀಕ್ಷೆಗೆ ಯಜಮಾನರ ಜೊತೆ ಹೋದೆ. ಎದೆಯನ್ನು ಎರಡು ಹಲಗೆಯ ನಡುವೆ ಒತ್ತಿ ಚಿತ್ರ ತೆಗೆಯುತ್ತಾರೆ, ಮ್ಯಾಮೊಗ್ರಾಂ ಅಂತೆ, ನೋವು ಒಂದು ಗಳಿಗೆ. ಇಸ್ತ್ರಿ ಪೆಟ್ಟಿಗೆಯ ಕೆಳಗೆ ಸಿಕ್ಕ ರವಿಕೆಯ ಕಷ್ಟ ಮೊದಲ ಸಲ ಅರ್ಥವಾಯಿತು. ಮಾರನೆಯ ದಿನ ಫೋನು ಬಂತು, ಬಲಗಡೆಯದು ಇನ್ನೊಂದು ಸಲ ತೆಗೆಯಬೇಕಂತೆ.

ಆ ಎರಡು ದಿನ ನಮ್ಮ ಯಜಮಾನರು ಒಂದೂ ತಮಾಷೆ ಮಾಡಲಿಲ್ಲ, ನನಗೆ ಎಲ್ಲಕ್ಕಿಂತ ಹೆದರಿಕೆಯಾದದ್ದು ಅದಕ್ಕೇ. ಯಂತ್ರದ ಮುಂದೆ ಕೂತರೂ ದಾರ ಸೂಜಿಗೆ ಹೋಗುತ್ತಿರಲಿಲ್ಲ. ಇನ್ನೊಂದು ಚಿತ್ರ ತೆಗೆದರು, ಸ್ಕ್ಯಾನೂ ಮಾಡಿದರು. ಡಾಕ್ಟರಮ್ಮ ಕನ್ನಡಕ ತೆಗೆದು, “ಏನೂ ಇಲ್ಲ ಕಣಮ್ಮ, ಹೋದ ಸಲ ಚಿತ್ರ ಸರಿಯಾಗಿ ಬಂದಿರಲಿಲ್ಲ ಅಷ್ಟೆ. ತೂಕ ಇನ್ನೂ ಇಳಿಸಿ. ತಪಾಸಣೆ ತಪ್ಪಿಸಬೇಡಿ,” ಎಂದರು. ಹೊರಗೆ ಬಂದು ಆಟೋ ಹತ್ತಿದ ಮೇಲೆ ಯಜಮಾನರು ಕೇಳಿದರು, “ಮೈಸೂರು ಪಾಕ್ ತಗೊಳ್ಳೋಣ್ವಾ?” ಇಬ್ಬರೂ ನಕ್ಕು ನಕ್ಕು ಕಣ್ಣು ಒರೆಸಿಕೊಂಡೆವು. ತೆಗೆದುಕೊಳ್ಳಲಿಲ್ಲ.

ಅಂಗಡಿ ಮತ್ತೆ ಶುರುವಾಯಿತು. ಮೊದಲು ಬಂದವರು ಬೋಗಾದಿಯ ನಾಗರತ್ನಮ್ಮ, ನನ್ನ ಇಪ್ಪತ್ತು ವರ್ಷದ ಗಿರಾಕಿ, ನನ್ನದೇ ವಯಸ್ಸು. ಅಳತೆ ರವಿಕೆ ಚೀಲದಿಂದ ತೆಗೆದು ಮೇಜಿನ ಮೇಲಿಟ್ಟರು.

“ಇದೇ ಅಳತೆಗೆ ಹೊಲಿದ್ಬುಡಿ. ಒಳಗೆ ಎರಡಿಂಚು ಇರ್ಲಿ.”

ನಾನು ಅದನ್ನು ಮಡಿಸಿ ಅವರ ಕೈಗೇ ಕೊಟ್ಟೆ. “ಇನ್ಮೇಲೆ ಮೈ ಅಳತೆ ತಗೊಂಡೇ ಹೊಲಿಯೋದು ಕಣ್ರೀ. ಕೈ ಎತ್ತಿ.”

“ಇದೇನ್ರೀ, ಫಾರಿನ್ನಿಗೆ ಹೋಗ್ಬಂದು ಹೊಸ ನಮೂನೆ?” ಎನ್ನುತ್ತಲೇ ಕೈ ಎತ್ತಿದರು. ನಲವತ್ತೆರಡು ಎಂದು ನಲವತ್ತೆರಡನ್ನೇ ಗಟ್ಟಿಯಾಗಿ ಓದಿದೆ. ಅವರ ಮುಖ ಸಣ್ಣದಾಯಿತು. ಆಗ ಕೂರಿಸಿ ಕಾಫಿ ಕೊಟ್ಟು, ಪ್ರಭಾಳ ಕಥೆ ಹೇಳಿದೆ, ನನ್ನ ಎರಡು ದಿನದ ಕಥೆಯನ್ನೂ. ಅವರು ಕಾಫಿಗೆ ಎರಡನೆಯ ಚಮಚ ಸಕ್ಕರೆ ಹಾಕಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಎಲ್ಲರೂ ಹಾಗಲ್ಲ. ಇಬ್ಬರು ಗಿರಾಕಿಗಳು ಮುನಿಸಿಕೊಂಡು ಬೇರೆ ದರ್ಜಿಯ ಹತ್ತಿರ ಹೋದರು.

ಆಮೇಲೆ ನನಗೊಂದು ರವಿಕೆ ಹೊಲಿದುಕೊಂಡೆ. ಪ್ರಭಾ ಬರೆದುಕೊಟ್ಟ ಕಾಗದವನ್ನು ಯಂತ್ರದ ಮುಂದೆ ಅಂಟಿಸಿಕೊಂಡು ಕತ್ತರಿಸಿದೆ. ಅಭ್ಯಾಸಬಲ, ಕತ್ತರಿ ತಾನಾಗಿಯೇ ಎರಡಿಂಚು ಆಚೆ ಹೋಗುತ್ತಿತ್ತು, ಹಿಡಿದು ನಿಲ್ಲಿಸಿದೆ. ಹೊಲಿದು ಮುಗಿಸಿ, ಹಾಕಿಕೊಂಡು ನೋಡಿ, ಡಂಡೀಗೆ ಫೋನು ಮಾಡಿದೆ.

“ಹೆಂಗೆ ಕೂತಿದೆ?” ಎಂದಳು ಪ್ರಭಾ.

“ಚೆನ್ನಾಗಿ ಕೂತಿದೆ.”

“ಒಳಗೆ ಎಷ್ಟು ಬಿಟ್ಟಿದ್ದೀಯ?”

“ಅರ್ಧ ಇಂಚು ಕಣೇ. ಹೊಲಿಗೆಗೆ ಬೇಕಾದಷ್ಟೇ.”

ಆ ಕಡೆಯಿಂದ ಚಪ್ಪಾಳೆ ಕೇಳಿಸಿತು, ಎರಡು ಜೊತೆ ಕೈಗಳದು. ಮೊಯಿರಾ ಪಕ್ಕದಲ್ಲೇ ಕೂತಿದ್ದರಂತೆ.